ಬೋರ್ ನೀರು ತೊಳೆದು ಹಾಕಿದ್ದ ಇಯೋಸಿನೋಫಿಲ್

ಹೊಳಲ್ಕೆರೆ ಕಡೆಯ ಹುಡುಗ. ಮುದ್ದೆ ನುಂಗಿದರೆ ಎದೆ ಹತ್ತಿರ ನಿಂತುಬಿಡುತ್ತಿತ್ತು. ಎರಡು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದ. ಎಂಡೋಸ್ಕೋಪಿಯಲ್ಲಿ ಅನ್ನನಾಳದೊಳಗೆ ಬಳೆ ಜೋಡಿಸಿಟ್ಟ ಹಾಗೆ ಉಂಗುರಗಳು. ಅಲ್ಲಿಂದ ತೆಗೆದ ಚೂರಿನ ನನ್ನ ಸ್ಲೈಡಿನಲ್ಲಿ ಮಾತ್ರ ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಒಂದೂ ಕಾಣಲಿಲ್ಲ. "ಇಯೋಸಿನೋಫಿಲ್ ಕಾಯಿಲೆ ಹೊರದೇಶದವರದ್ದು, ದಾವಣಗೆರೆಯಲ್ಲಿ ಎಲ್ಲಿಂದ ಬರಬೇಕು?" ಅಂದರು ಹಿರಿಯರೊಬ್ಬರು. ನನಗೆ ಒಪ್ಪಿಗೆಯಾಗಲಿಲ್ಲ.

ಆ ಕಣದ ಕಾಳಿಗೆ ಬಣ್ಣ ಹಿಡಿಸುವ ಇಯೋಸಿನ್‌ನ ಕಂಪನಿ ಬದಲಿಸಿ ಬದಲಿಸಿ ಆರೇಳು ಸಾವಿರ ಕಳೆದೆ. ಎಲ್ಲದರಲ್ಲೂ ಅದೇ ಮಂಕು ಗುಲಾಬಿ. ತಪ್ಪು ಬಾಟಲಿಯದ್ದಲ್ಲ, ನಮ್ಮ ಬೋರ್ ನೀರಿನದು. ಆ ಗಡಸು ನೀರು ಹೆಮಟಾಕ್ಸಿಲಿನ್ (ನ್ಯೂಕ್ಲಿಯಸ್‌ಗೆ ಹಾಕುವ ಬಣ್ಣ) ನೀಲಿ ಮಾಡೋಕೆ ಬಲು ಚೆನ್ನ. ಆದರೆ ಅದರ ಕ್ಷಾರ ರ‍್ಯಾಕಿನ ಜೊತೆ ಇಯೋಸಿನ್ ಜಾಡಿಗೂ ಇಳಿಯುತ್ತಿತ್ತು. ನಡುವೆ ಒಂದು ಡಿಸ್ಟಿಲ್ಡ್ ವಾಟರ್ ಜಾಡಿ ಇಟ್ಟೆ. ಗ್ಲೇಶಿಯಲ್ ಅಸಿಟಿಕ್ ಆಸಿಡ್ ಹಾಕಿ ಇಯೋಸಿನ್ ಪಿಎಚ್ ಐದರೊಳಗೆ ತಂದೆ. ಎಷ್ಟು ಹನಿ, ಯಾವಾಗ ಅನ್ನೋದು ನನ್ನ ಹತ್ತಿರವೇ ಇರಲಿ. ಆಮೇಲೆ ಶೇಕಡಾ 70ರ ಆಲ್ಕೋಹಾಲ್‌ನಲ್ಲಿ ಸುಮ್ನೆ ಅದ್ದಿ ತೆಗೆಯಬೇಕು, ಜಾಸ್ತಿ ನಿಂತರೆ ಬಣ್ಣ ಹೋಯಿತು.

ಇಷ್ಟಾದರೂ ಹುಡುಗನ ಹಳೇ ಬ್ಲಾಕಿನಲ್ಲಿ (ಚೂರು ಕೂರಿಸಿದ ಮೇಣದ ತುಂಡು) ಸಿಕ್ಕಿದ್ದು ನಾಲ್ಕೈದೇ ಇಯೋಸಿನೋಫಿಲ್. ಇದ್ದದ್ದು ಎರಡೇ ಚೂರು, ಎರಡೂ ಅನ್ನನಾಳದ ಕೆಳಭಾಗದವು. ಈ ಕಾಯಿಲೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಇರುತ್ತದೆ. ಮೇಲಿಂದ, ಕೆಳಗಿಂದ ಸೇರಿ ಆರು ಚೂರು ಬೇಕು ಅಂತ ಡಾಕ್ಟರ ಹತ್ತಿರ ಪಟ್ಟು ಹಿಡಿದೆ. ಮೂರನೇ ಸಲ ಕೇಳಿದಾಗ ಕೊಟ್ಟರು.

ಒಂದು ಚೂರು ಪೂರಾ ಖಾಲಿ. ಪಕ್ಕದ್ದರಲ್ಲಿ ಕಣ್ಣು ತುಂಬುವಷ್ಟು! ಎರಡು ಹೋಳಿನ ನ್ಯೂಕ್ಲಿಯಸ್, ಸುತ್ತ ಕೇಸರಿಬಾತಿನ ರವೆಯ ಹಾಗೆ ಕಾಳು ಕಾಳು. ದಟ್ಟವಾಗಿದ್ದ ಹೈಪವರ್ ಫೀಲ್ಡಿನಲ್ಲಿ (ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವ ವೃತ್ತ) ಎಣಿಸಿದರೆ ನಲವತ್ತರ ಮೇಲೆ. ಈ ಕಾಯಿಲೆ ಅನ್ನೋಕೆ ಒಂದು ಫೀಲ್ಡಿನಲ್ಲಿ 15 ಇದ್ದರೆ ಸಾಕು, ಅಲ್ವಾ? ಐಪೀಸಿನ ಫೀಲ್ಡ್ ನಂಬರ್ 18ರದ್ದೋ 22ರದ್ದೋ ಬರೆದಿಡಿ. ಫೀಲ್ಡ್ ದೊಡ್ಡದಾದರೆ ಎಣಿಕೆಯೂ ಏರುತ್ತದೆ.

ನಡುವೆ ಕಾಂಗೋ ರೆಡ್ ಅನ್ನೋ ಇನ್ನೊಂದು ಬಣ್ಣ ಕೂಡ ಹಾಕಿ ನೋಡಿದೆ. ಚೆಂದ ಬರುತ್ತದೆ, ಆದರೆ ಅರ್ಧ ದಿನ ತಿನ್ನುತ್ತದೆ. ಕರುಳಿನ ಬಯಾಪ್ಸಿಗಳನ್ನೂ ಎಣಿಸಿದೆ. ಅಲ್ಲಿ ಇಯೋಸಿನೋಫಿಲ್ ಆರೋಗ್ಯವಂತರಲ್ಲೂ ಇರುತ್ತದೆ, ಬರೀ ಇದೆ ಅಂತ ರಿಪೋರ್ಟ್ ಕೊಡೋಕಾಗಲ್ಲ. ಜಂತುಹುಳ ಇದ್ದರೂ ಏರುತ್ತದೆ, ಮಲಪರೀಕ್ಷೆ ಬಿಡಬೇಡಿ. ಅನ್ನನಾಳದಲ್ಲಿ ಮಾತ್ರ ಒಂದೂ ಇರಬಾರದು.

ಹುಡುಗನಿಗೆ ನುಂಗುವ ಬುಡೆಸೊನೈಡ್ (ಒಂದು ಸ್ಟೆರಾಯ್ಡ್) ಶುರು ಮಾಡಿದರು. ಮೂರು ತಿಂಗಳ ನಂತರದ ಆರೂ ಚೂರಿನಲ್ಲಿ ಹುಡುಕಿ ಹುಡುಕಿ ಸಿಕ್ಕಿದ್ದು ಎರಡೋ ಮೂರೋ. ಆಮೇಲೆ ರಿಫ್ಲಕ್ಸ್ (ಹೊಟ್ಟೆಯ ಆಮ್ಲ ಮೇಲೆ ಬರೋದು) ಅಂತ ಬರೆದಿದ್ದ ಮೂವತ್ತು ಹಳೇ ಬ್ಲಾಕ್ ಮತ್ತೆ ಕತ್ತರಿಸಿದೆ. ಇನ್ನೂ ಇಬ್ಬರು ಸಿಕ್ಕರು. ಆ ಎರಡು ಸ್ಲೈಡನ್ನು ಹಿರಿಯರ ಮೇಜಿನ ಮೇಲೆ ಇಟ್ಟು ಬಂದೆ. ಸಂಜೆ ಅವರೇ ಫೋನ್ ಮಾಡಿ, ಎಷ್ಟು ಹನಿ ಹಾಕ್ತೀಯ ಅಂತ ಕೇಳಿದರು.