ಬಿಲ್ಲು ಹೊರಗೆ ಹೋಗದೆಯೇ ಎಐ ಕೆಲಸ ಮಾಡಿತು

ನಾನು ದಾವಣಗೆರೆಯಲ್ಲಿ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಮಾಲು ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ ಬರುತ್ತದೆ, 20ರೊಳಗೆ 3ಬಿ ಎಂಬ ತಿಂಗಳ ತೆರಿಗೆ ರಿಟರ್ನ್ ಹಾಕಬೇಕು. ಅಷ್ಟರಲ್ಲಿ ಖರೀದಿ ಬಿಲ್ಲುಗಳನ್ನೆಲ್ಲ ಎಕ್ಸೆಲ್‌ಗೆ ಹತ್ತಿಸಿ ಆ ಪಟ್ಟಿಯ ಜೊತೆ ತಾಳೆ ನೋಡಬೇಕು. "ಎಐಗೆ ಹಾಕಿ ಸಾರ್, ಎರಡು ನಿಮಿಷದ ಕೆಲಸ" ಎಂದ ಗೆಳೆಯರಿದ್ದರು. ಆದರೆ ಒಬ್ಬ ವ್ಯಾಪಾರಿ ಯಾರ ಹತ್ತಿರ, ಎಷ್ಟಕ್ಕೆ ಮಾಲು ತರಿಸುತ್ತಾನೆ ಅನ್ನುವುದು ಅವನ ಗುಟ್ಟು ಅಲ್ವಾ? ನಂಬಿ ಕೊಟ್ಟದ್ದನ್ನು ಎಲ್ಲೋ ಇರುವ ಸರ್ವರ್‌ಗೆ ಕಳಿಸಲು ನನಗೆ ಮನಸ್ಸು ಬರಲಿಲ್ಲ.

ಹಾಗಾಗಿ ಎಲ್ಲವನ್ನೂ ಆಫೀಸಿನ ಕಂಪ್ಯೂಟರ್‌ನಲ್ಲೇ ಕೂರಿಸಿದೆ. ಅದರ ರ‍್ಯಾಮ್ 16 ಜಿಬಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬಿಲ್ಲು ಓದುವುದಕ್ಕೆ ಜೆಮ್ಮಾ 3 ಎಂಬ ಎಐ ಮಾಡೆಲ್‌ನ ಚಿಕ್ಕ ಆವೃತ್ತಿ 4ಬಿ, ಸುಮಾರು 3.3 ಜಿಬಿ. ಅದನ್ನು ನಮ್ಮ ಕಂಪ್ಯೂಟರ್‌ನಲ್ಲೇ ಓಡಿಸುವ ತಂತ್ರಾಂಶ ಒಲ್ಲಾಮಾ. ಕೆಲಸದ ಹಂತಗಳನ್ನು ಜೋಡಿಸಲು ಎನ್8ಎನ್ ಎಂಬ ತಂತ್ರಾಂಶ; ಅದನ್ನು ಡಾಕರ್‌ನಲ್ಲಿ, ಅಂದರೆ ಕಂಪ್ಯೂಟರ್ ಒಳಗೇ ಪ್ರತ್ಯೇಕವಾಗಿರುವ ಒಂದು ಡಬ್ಬಿಯಲ್ಲಿ ಓಡಿಸುತ್ತೇನೆ. ಎನ್8ಎನ್‌ನಲ್ಲಿ ಚೌಕಗಳನ್ನಿಟ್ಟು ಗೆರೆ ಎಳೆದು ಸೇರಿಸಿದರೆ ಸಾಕು, ಪ್ರೋಗ್ರಾಂ ಬರೆಯಬೇಕಿಲ್ಲ. ಫಾರ್ಮ್‌ನಲ್ಲಿ ಪಿಡಿಎಫ್ ಹಾಕುತ್ತೇನೆ. ಒಂದು ಚೌಕ ಅಕ್ಷರ ತೆಗೆಯುತ್ತದೆ, ಇನ್ನೊಂದು ಮಾಡೆಲ್‌ಗೆ ಕೊಟ್ಟು ಬಿಲ್ ನಂಬರ್, ತಾರೀಕು, ಜಿಎಸ್‌ಟಿಐಎನ್ (ವ್ಯಾಪಾರಿಯ ಜಿಎಸ್‌ಟಿ ನಂಬರ್), ತೆರಿಗೆ, ಮೊತ್ತ ಕೇಳುತ್ತದೆ.

ಮೊದಲ ಸಂಜೆ ಪೂರ್ತಿ ಹೋದದ್ದು ಒಂದೇ ವಿಳಾಸಕ್ಕೆ. ಎನ್8ಎನ್‌ಗೆ ಒಲ್ಲಾಮಾ ಸಿಗಲೇ ಇಲ್ಲ. ಡಾಕರ್ ಒಳಗೆ 'ಲೋಕಲ್‌ಹೋಸ್ಟ್' ಅಂದರೆ ಆ ಡಬ್ಬಿಯೇ ಹೊರತು ನಮ್ಮ ಕಂಪ್ಯೂಟರ್ ಅಲ್ಲ. 'ಹೋಸ್ಟ್.ಡಾಕರ್.ಇಂಟರ್ನಲ್', ಪೋರ್ಟ್ 11434 ಎಂದು ಕೊಟ್ಟ ತಕ್ಷಣ ಸೇರಿತು.

ಅದಕ್ಕಿಂತ ಅಪಾಯದ ತಪ್ಪು ಸದ್ದಿಲ್ಲದೆ ಆಗುತ್ತಿತ್ತು. ಉದ್ದದ ಬಿಲ್ಲುಗಳಲ್ಲಿ ಒಂದಿಷ್ಟು ಭಾಗ ಬಿಟ್ಟುಹೋಗುತ್ತಿತ್ತು, ಎರರ್ ಕೂಡ ಬರುತ್ತಿರಲಿಲ್ಲ. ಕಾಂಟೆಕ್ಸ್ಟ್ ಲೆಂತ್, ಅಂದರೆ ಮಾಡೆಲ್ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವ ಪಠ್ಯದ ಮಿತಿ, 2048 ಟೋಕನ್ (ಪದದ ತುಣುಕು) ಇತ್ತು. 8192 ಮಾಡಿದ ಮೇಲೆ ಸರಿಹೋಯಿತು, ನಿಧಾನ ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಉತ್ತರ ಎಷ್ಟು ಬದಲಾಗಬಹುದು ಅನ್ನುವ 'ಟೆಂಪರೇಚರ್' ಸೆಟ್ಟಿಂಗನ್ನು ಸೊನ್ನೆಗೆ ಇಳಿಸಿದೆ. "ಬಿಲ್ಲಿನಲ್ಲಿ ಇಲ್ಲದ್ದನ್ನು ಖಾಲಿ ಬಿಡು" ಎಂದು ಸೂಚನೆಯಲ್ಲಿ ಸೇರಿಸಿದೆ. ಅದಕ್ಕೆ ಮುಂಚೆ, ನಂಬರ್ ಇಲ್ಲದ ಬಿಲ್ಲಿಗೆ ಮಾಡೆಲ್ ತಾನೇ ಒಂದು ನಂಬರ್ ಹುಟ್ಟಿಸಿತ್ತು!

ಮಾಡೆಲ್ ಓದಲಿ, ಲೆಕ್ಕ ಮಾತ್ರ ಅದರ ಕೈಗೆ ಬೇಡ. ರಾಜ್ಯದೊಳಗಿನ ಬಿಲ್ಲಿನಲ್ಲಿ ತೆರಿಗೆ ಮುಂಚಿನ ಬೆಲೆಗೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಕೂಡಿದರೆ ಒಟ್ಟು ಮೊತ್ತ ಬರಬೇಕು, ರೌಂಡ್ ಆಫ್‌ಗೆ ಒಂದು ರೂಪಾಯಿ ಬಿಟ್ಟಿದ್ದೇನೆ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡೂ ಒಂದೇ ಇರಬೇಕು. ಜಿಎಸ್‌ಟಿಐಎನ್ ಸರಿಯಾಗಿ 15 ಅಕ್ಷರ ಇರಬೇಕು, ನಮ್ಮ ರಾಜ್ಯದ್ದಾದರೆ 29ರಿಂದ ಶುರುವಾಗಬೇಕು. ಇದನ್ನೆಲ್ಲ ಎನ್8ಎನ್‌ನ 'ಇಫ್' ಚೌಕವೇ ನೋಡುತ್ತದೆ. ಒಂದು ತಪ್ಪಿದರೂ ಆ ಬಿಲ್ಲು 'ನೋಡಬೇಕು' ಫೈಲ್‌ಗೆ ಬೀಳುತ್ತದೆ.

ಎಲ್ಲ ಮುಗಿದ ಮೇಲೆ ಇಂಟರ್ನೆಟ್ ಕೇಬಲ್ ಕಿತ್ತು ಒಂದು ಬಿಲ್ಲು ಹಾಕಿದೆ. ಎಕ್ಸೆಲ್‌ನಲ್ಲಿ ಅದರ ಸಾಲು ತುಂಬಿತು. ನನಗೆ ನಿಜವಾಗಿ ಸಮಾಧಾನ ಆದದ್ದು ಆಗಲೇ.

ಕೈಬರಹದ ಬಿಲ್ಲು, ಮೊಬೈಲ್ ಫೋಟೊ ಇದಕ್ಕೆ ಹಾಕುವುದಿಲ್ಲ. ಅವನ್ನು ಇವತ್ತಿಗೂ ನಾನೇ ಕೂತು ಟೈಪ್ ಮಾಡುತ್ತೇನೆ.