ಚಟ ಬಿಡುವವರ ಗುಂಪಿನಲ್ಲಿ ಹತ್ತಾರು ನಂಬಿಕೆ: ನನ್ನ ಅನುಭವ

ಕುಡಿತ, ಮಾತ್ರೆ, ಪುಡಿ, ಹೀಗೆ ನಾನಾ ಚಟ ಬಿಡಲು ಹೊರಟವರ ಗುಂಪೊಂದನ್ನು ನಾನು ನಡೆಸುತ್ತೇನೆ. ಬರುವವರ ಧರ್ಮ ಬೇರೆ, ಭಾಷೆ ಬೇರೆ. ದೇವರನ್ನೇ ನಂಬದವರೂ ಇದ್ದಾರೆ. ಎಲ್ಲರಿಗೂ ಒಪ್ಪುವಂಥ ಒಂದು ಪ್ರಾರ್ಥನೆ ಹೇಳಿಸಿ ಅಂತ ಹಲವರು ಸಲಹೆ ಕೊಡುತ್ತಾರೆ. ಅಂಥ ಸಪ್ಪೆ ಪ್ರಾರ್ಥನೆ ಯಾರಿಗೂ ತಾಗುವುದಿಲ್ಲ. ಹಾಗಾಗಿ ಶುರುವಿನಲ್ಲಿ ಸ್ವಲ್ಪ ಹೊತ್ತು ಮೌನ, ಅಷ್ಟೇ. ಜಪ ಮಾಡುವವರು ಮಾಡಲಿ, ದುವಾ ಕೇಳುವವರು ಕೇಳಲಿ, ಸುಮ್ನೆ ಕೂರುವವರು ಕೂರಲಿ.

1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಬೇರು ಒಂದು ಕ್ರೈಸ್ತ ಬಳಗದಲ್ಲಿತ್ತು. ಆದರೂ 1939ರಲ್ಲಿ ಚಟದಿಂದ ಹೊರಬರಲು ತಾವು ಅನುಸರಿಸಿದ 12 ಹೆಜ್ಜೆಗಳನ್ನು ಅಚ್ಚು ಹಾಕಿಸಿದಾಗ, ದೇವರು ಯಾರೆನ್ನುವುದನ್ನು ಅವರವರಿಗೇ ಬಿಟ್ಟರು. ಮುಂದೆ ಮಿಲ್ಲತಿ ಇಸ್ಲಾಮಿ ಗುಂಪಿನವರು ಅದೇ ಹೆಜ್ಜೆಗಳನ್ನು ಇಸ್ಲಾಮಿಗೆ ಹೊಂದಿಸಿಕೊಂಡರು. ನನಗೆ ಧೈರ್ಯ ಬಂದದ್ದು ಇವರನ್ನೆಲ್ಲ ನೋಡಿ.

ನನ್ನ ಗುಂಪಿನಲ್ಲಿ ಜಾಸ್ತಿ ಕಷ್ಟ ಕೊಟ್ಟಿದ್ದು ಆಣೆ. ಜನ ದೇವರ ಮುಂದೆ ನಿಂತು ‘ಇನ್ನು ಜೀವಮಾನದಲ್ಲಿ ಮುಟ್ಟಲ್ಲ’ ಅಂತ ಪ್ರಮಾಣ ಮಾಡಿ ಬರುತ್ತಾರೆ. ಮನೆಯವರೇ ಎಳೆದುಕೊಂಡು ಹೋಗಿ ಮಾಡಿಸುವುದೂ ಉಂಟು. ಕೆಲವರಿಗೆ ಅದು ನಿಜಕ್ಕೂ ಆಸರೆ. ಆದರೆ ಒಮ್ಮೆ ಜಾರಿದರೆ? ಕುಡಿದ ನಾಚಿಕೆಯ ಜೊತೆ ದೇವರ ಸಿಟ್ಟಿನ ಭಯವೂ ಸೇರುತ್ತದೆ. ಗುಡಿಗೂ ಹೋಗಲ್ಲ, ಗುಂಪಿಗೂ ಬರಲ್ಲ. ಹೇಗೂ ಆಣೆ ಮುರಿದಾಯಿತು ಅಂತ ಮತ್ತಷ್ಟು ಕುಡಿಯುತ್ತಾರೆ. ಆಣೆ ಬೇಡ ಅನ್ನುವ ಅಧಿಕಾರ ನನಗಿಲ್ಲ. ‘ಮಾಡುವುದಾದರೆ ಇವತ್ತೊಂದು ದಿನಕ್ಕೆ ಮಾಡಿ, ನಾಳೆ ಬೆಳಿಗ್ಗೆ ಮತ್ತೆ ಮಾಡಿ’ ಅನ್ನುತ್ತೇನೆ. ಜಾರಿದವರಿಗೆ ಅವರ ಧರ್ಮದಲ್ಲೇ ಇರುವ ದಾರಿಯನ್ನು ನೆನಪಿಸುತ್ತೇನೆ. ಮುಸ್ಲಿಮರಿಗೆ ಪಶ್ಚಾತ್ತಾಪಪಟ್ಟು ಅಲ್ಲಾಹನ ಕಡೆ ಮರಳುವ ತೌಬಾ ಇದೆ, ಕ್ರೈಸ್ತರಿಗೆ ಪಾಪನಿವೇದನೆ ಇದೆ, ತಪ್ಪುಕಾಣಿಕೆ ಇದೆ. ಮರಳಿ ಬರಲು ಯಾವ ಧರ್ಮ ಬಾಗಿಲು ಹಾಕಿದೆ ಹೇಳಿ?

ಧರ್ಮಗುರುಗಳನ್ನೂ ಕರೆಯುತ್ತೇನೆ. ಮತಾಂತರದ ಮಾತು ಎತ್ತಬಾರದು, ಔಷಧ ನಿಲ್ಲಿಸಿ ಅನ್ನಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಒಪ್ಪದವರು ಬರುವುದಿಲ್ಲ, ಅದೂ ಒಳ್ಳೆಯದೇ.

ಔಷಧದ ವಿಷಯದಲ್ಲಿ ನಾನು ಸ್ವಲ್ಪ ಮೊಂಡ. ದಿನಾ ಜಾಸ್ತಿ ಕುಡಿಯುವವರು ಹರಕೆ ಹೊತ್ತು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲೆ ಬುದ್ಧಿ ಕಲಕಿ, ಜೀವಕ್ಕೇ ಕುತ್ತಾಗಬಹುದು. ಅಂಥವರು ಮೊದಲು ಡಾಕ್ಟರ ಹತ್ತಿರ ಹೋಗಲೇಬೇಕು. ಮದ್ಯ ಮುಟ್ಟಿದರೆ ಮೈ ಕೆಡುವಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರಿಗೆ ಚರ್ಚಿನಲ್ಲಿ ಕೊಡುವ ಗುಟುಕು ವೈನ್ ಕೂಡ ಆಗುವುದಿಲ್ಲ. ಕ್ಯಾಥೊಲಿಕರಿಗೆ ರೊಟ್ಟಿಯೊಂದನ್ನೇ ಸ್ವೀಕರಿಸಿದರೂ ಪ್ರಸಾದ ಪೂರ್ತಿಯೇ. ಇದನ್ನು ನಾನು ಹೇಳುವುದಕ್ಕಿಂತ ಪಾದ್ರಿಯ ಬಾಯಲ್ಲೇ ಹೇಳಿಸುತ್ತೇನೆ, ಆಗ ಮನಸ್ಸಿಗೆ ಸಮಾಧಾನ. ರೋಜಾ ಹಿಡಿಯುವವರು ರಂಜಾನ್ ತಿಂಗಳು ಶುರುವಾಗುವ ಮೊದಲೇ ಡಾಕ್ಟರನ್ನು ಕಾಣಬೇಕು. ದಿನಕ್ಕೊಮ್ಮೆ ತೆಗೆದುಕೊಳ್ಳುವ ಔಷಧವನ್ನು ಎಷ್ಟೋ ಸಲ ಸಂಜೆ ರೋಜಾ ಬಿಟ್ಟ ಮೇಲಿನ ಹೊತ್ತಿಗೆ ಹಾಕಿಕೊಡುತ್ತಾರೆ.