ಟಾರ್ಕ್ ವ್ರೆಂಚ್: ಬಿಲ್ಲೂ ಜೋಪಾನ, ಸ್ಪ್ರಿಂಗೂ ಜೋಪಾನ

ಕೆಲವು ವರ್ಷದ ಹಿಂದೆ ಒಂದು ರ‍್ಯಾಚೆಟ್ ಹಿಡಿ ಕೊಂಡಿದ್ದೆ. ವರ್ಷ ತುಂಬಿ ಒಂದು ತಿಂಗಳಾಗಿತ್ತು, ಒಳಗಿನ ಹಲ್ಲು ಜಾರಲು ಶುರುವಾಯಿತು. ಎರಡು ವರ್ಷದ ವಾರಂಟಿ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಡಬ್ಬ ತೆಗೆದೆ. ಬಿಲ್ಲು ಅಲ್ಲೇ ಇತ್ತು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಥರ್ಮಲ್ ಕಾಗದದ ಬಿಲ್ಲು, ಅಕ್ಷರವೆಲ್ಲ ಮಾಸಿ ಬಿಳಿ ಹಾಳೆಯಾಗಿತ್ತು. ಅಂಗಡಿಯವರು, "ಬಿಲ್ ತೋರಿಸಿ ಸಾರ್, ಕಂಪನಿಗೆ ಕಳಿಸ್ತೀನಿ" ಎಂದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಈಗ ಮನೆಯಲ್ಲೇ ಬೈಕ್ ಸರ್ವಿಸ್ ಮಾಡಿಕೊಳ್ಳುವವರು, ಕಾರಿನ ಚಕ್ರ ತಾವೇ ಬದಲಿಸುವವರು ಬೆಂಗಳೂರಿನಲ್ಲಿ ಜಾಸ್ತಿಯಾಗಿದ್ದಾರೆ. ಅವರಲ್ಲಿ ಅನೇಕರು ಟಾರ್ಕ್ ವ್ರೆಂಚ್ ಕೊಳ್ಳುತ್ತಾರೆ, ಆಮೇಲೆ ಅದನ್ನು ಸ್ಪ್ಯಾನರ್ ಥರಾನೇ ಬಳಸುತ್ತಾರೆ. ಟಾರ್ಕ್ ವ್ರೆಂಚ್ ಸ್ಪ್ಯಾನರ್ ಅಲ್ಲ, ತಕ್ಕಡಿ ಇದ್ದ ಹಾಗೆ. ನಟ್ಟನ್ನು ಎಷ್ಟು ಬಲದಿಂದ ಬಿಗಿದೆವು ಅಂತ ಅಳೆಯೋದೇ ಅದರ ಕೆಲಸ; ನಾವಿಟ್ಟ ಅಂಕಿ ಮುಟ್ಟಿದಾಗ ಕ್ಲಿಕ್ ಅನ್ನುತ್ತದೆ. ಅದರ ವಾರಂಟಿ, ಬಳಕೆ, ಜೋಪಾನ ಎಲ್ಲವೂ ಬೇರೆ ಆಗೋದು ಇದಕ್ಕೇ.

ಕೊಂಡ ದಿನವೇ ಮಾಡಬೇಕಾದದ್ದು

ಎಸ್.ಪಿ. ರಸ್ತೆಯಲ್ಲಿ ಕೊಳ್ಳಿ, ಜೆ.ಸಿ. ರಸ್ತೆಯಲ್ಲಿ ಕೊಳ್ಳಿ, ಆನ್‌ಲೈನ್‌ನಲ್ಲಿ ತರಿಸಿ, ಪಕ್ಕಾ ಬಿಲ್ ಇಲ್ಲದೆ ಹಣ ಕೊಡಬೇಡಿ. ಜಿಎಸ್‌ಟಿ ಉಳಿಯುತ್ತದೆ ಅಂತ ಚೀಟಿಯಲ್ಲಿ ಬರೆಸಿಕೊಂಡು ಬಂದರೆ ವಾರಂಟಿ ಕೇಳುವಾಗ ಆ ಚೀಟಿಗೆ ಬೆಲೆ ಇರುವುದಿಲ್ಲ. ಬಿಲ್ಲಿನಲ್ಲಿ ತಾರೀಖು, ಮಾಡೆಲ್, ಸೀರಿಯಲ್ ನಂಬರ್ ಮೂರೂ ಇರಲಿ. ಸೀರಿಯಲ್ ನಂಬರ್ ಸಾಮಾನ್ಯವಾಗಿ ವ್ರೆಂಚಿನ ಮೈಮೇಲೆಯೇ ಕೆತ್ತಿರುತ್ತದೆ. ಡಬ್ಬದಲ್ಲಿ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯಾ ಎಂಬ ಪರೀಕ್ಷೆ) ಸರ್ಟಿಫಿಕೇಟ್ ಇದ್ದರೆ ಅದರಲ್ಲಿರುವ ನಂಬರ್ ಇದಕ್ಕೆ ಹೊಂದುತ್ತದಾ ಅಂತ ಅಂಗಡಿಯಲ್ಲೇ ನಿಂತು ನೋಡಿ. ಬಿಲ್ಲಿನ ಫೋಟೊ ಆವತ್ತೇ ತೆಗೆಯಿರಿ. ಒಂದು ಜೆರಾಕ್ಸ್ ಮಾಡಿಸಿ ಡಬ್ಬದಲ್ಲಿಡಿ.

ಆಮೇಲೆ ವಾರಂಟಿ ಕಾರ್ಡ್ ಪೂರ್ತಿ ಓದಿ. ಸ್ಪ್ಯಾನರ್, ಸಾಕೆಟ್, ಕಟಿಂಗ್ ಪ್ಲೇಯರ್‌ಗಳಿಗೆ ಕೆಲವು ಕಂಪನಿಗಳು ಲೈಫ್‌ಟೈಮ್ ವಾರಂಟಿ ಕೊಡುತ್ತವೆ. ಅದು ತಯಾರಿಕೆಯ ದೋಷಕ್ಕೆ ಮಾತ್ರ. ಉಕ್ಕು ಬಿರುಕು ಬಿಟ್ಟರೆ, ಹದ ಸರಿಯಿಲ್ಲದೆ ಬಾಯಿ ಅಗಲವಾದರೆ ಬದಲಿಸಿ ಕೊಡುತ್ತಾರೆ. ಸುತ್ತಿಗೆಯಲ್ಲಿ ಹೊಡೆದ ಗುರುತು, ಗ್ರೈಂಡರ್‌ನಲ್ಲಿ ಸವೆಸಿದ ಗುರುತು, ಪೈಪ್ ತೂರಿಸಿ ಎಳೆದು ಬಾಗಿದ ಹಿಡಿ ಕಂಡರೆ ವಾಪಸ್ ಕಳಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ.

ಟಾರ್ಕ್ ವ್ರೆಂಚ್ ಮಾತ್ರ ಈ ಲೈಫ್‌ಟೈಮ್ ಲೆಕ್ಕದಿಂದ ಸಾಮಾನ್ಯವಾಗಿ ಹೊರಗೆ. ಒಂದು ವರ್ಷದ ವಾರಂಟಿ ಇರೋದೇ ಹೆಚ್ಚು, ಕ್ಯಾಲಿಬ್ರೇಶನ್ ಅದರಲ್ಲಿ ಸೇರದೇ ಇರಬಹುದು. ಒಳಗೆ ಸ್ಪ್ರಿಂಗ್ ಇದೆ, ಸವೆಯುವ ಭಾಗಗಳಿವೆ. ಬಳಸಿದಷ್ಟೂ ಅಳತೆ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಅದು ದೋಷವಲ್ಲ, ಅದರ ಸ್ವಭಾವ. ಅಮೆರಿಕದಿಂದ ಅಣ್ಣನೋ ಅಕ್ಕನೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಟೂಲ್ ಆದರೆ ಇನ್ನೊಂದು ವಿಷಯ ನೋಡಿ: ಆ ವಾರಂಟಿ ಭಾರತದಲ್ಲಿ ನಡೆಯುತ್ತದಾ, ಮೊದಲು ಕೊಂಡವರಿಗೆ ಮಾತ್ರವಾ? ಎರಡೂ ಕಾರ್ಡಿನಲ್ಲೇ ಇರುತ್ತದೆ.

ಬಳಸುವ ಕ್ರಮ

ಮೊದಲು ಗಾಡಿಯ ಮ್ಯಾನುಯಲ್ ತೆಗೆಯಿರಿ. ಬಹಳಷ್ಟು ಸಣ್ಣ ಕಾರುಗಳ ವೀಲ್ ನಟ್‌ಗೆ 85ರಿಂದ 110 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಒಳಗೆ ಬೇಕಾಗುತ್ತದೆ. ನಿಮ್ಮ ಗಾಡಿಯ ಅಂಕಿ ಮ್ಯಾನುಯಲ್‌ನಲ್ಲಿ ಇರುವುದೇ ಸರಿ. ಯೂನಿಟ್ ಗಮನಿಸಿ. ಒಂದು ಫುಟ್ ಪೌಂಡ್ ಅಂದರೆ 1.356 ನ್ಯೂಟನ್ ಮೀಟರ್. 100 ನ್ಯೂಟನ್ ಮೀಟರ್ ಬೇಕಾದಲ್ಲಿ ಫುಟ್ ಪೌಂಡ್ ಸಾಲಿನ 100ಕ್ಕೆ ಇಟ್ಟರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬಿಗಿದ ಹಾಗೆ. ಹಳೆಯ ಮ್ಯಾನುಯಲ್‌ಗಳಲ್ಲಿ ಕೆಜಿ ಮೀಟರ್ ಲೆಕ್ಕ ಇದ್ದರೆ 9.8ರಿಂದ ಗುಣಿಸಿ.

ಅಂಕಿ ಇಡೋದರಲ್ಲೇ ಹೊಸಬರು ಎಡವುತ್ತಾರೆ. ಹಿಡಿಯ ತುದಿಯ ಲಾಕ್ ಸಡಿಲಿಸಿ. ಕೊಳವೆಯ ಮೇಲೆ ಉದ್ದಕ್ಕೆ ಒಂದು ಸ್ಕೇಲ್ ಇರುತ್ತದೆ, ತಿರುಗುವ ಹಿಡಿಯ ಸುತ್ತ ಇನ್ನೊಂದು. ಕೆಲವು ವ್ರೆಂಚ್‌ಗಳಲ್ಲಿ ಕೊಳವೆಯ ಅಂಕಿ 14ರ ಲೆಕ್ಕದಲ್ಲಿ ಏರುತ್ತದೆ: 56, 70, 84, 98. ನಿಮಗೆ 90 ಬೇಕು ಅಂದುಕೊಳ್ಳಿ. ಹಿಡಿಯ ಅಂಚನ್ನು 84ರ ಗೆರೆಗೆ ತಂದು, ಹಿಡಿಯ ಸುತ್ತಿನ ಸೊನ್ನೆಯನ್ನು ನಡುಗೆರೆಗೆ ಕೂಡಿಸಿ. ಅಲ್ಲಿಂದ 6ರ ತನಕ ತಿರುಗಿಸಿ. 84ಕ್ಕೆ 6 ಸೇರಿ 90. ಲಾಕ್ ಬಿಗಿ ಮಾಡಿ.

ಬಹಳ ದಿನ ಸುಮ್ನೆ ಇಟ್ಟಿದ್ದ ವ್ರೆಂಚ್ ಆದರೆ ವೈಸ್‌ಗೆ (ಮೇಜಿಗೆ ಕೂರಿಸುವ ಬಿಗಿ ಹಿಡಿತದ ಇಕ್ಕಳ) ಹಿಡಿಸಿದ ಬೋಲ್ಟಿನ ಮೇಲೆ ಐದಾರು ಸಲ ಕ್ಲಿಕ್ ಮಾಡಿಸಿ. ಒಳಗಿನ ಗ್ರೀಸ್ ಹರಡಿಕೊಳ್ಳುತ್ತದೆ. ನಟ್ಟನ್ನು ಕೈಯಲ್ಲಿ ಕೂರಿಸಿ, ಸಾಮಾನ್ಯ ಸ್ಪ್ಯಾನರ್‌ನಲ್ಲಿ ಮುಕ್ಕಾಲು ಬಿಗಿದು, ಕೊನೆಯ ಎಳೆತಕ್ಕೆ ಮಾತ್ರ ಟಾರ್ಕ್ ವ್ರೆಂಚ್ ತನ್ನಿ. ಹಿಡಿಯ ನಡುವೆ ಕೈಯಿಟ್ಟು ನಿಧಾನಕ್ಕೆ, ಒಂದೇ ಸಮ ಎಳೆಯಿರಿ. ಜರ್ಕ್ ಬೇಡ. ಕ್ಲಿಕ್ ಅಂದ ಕೂಡಲೇ ಕೈ ಬಿಡಿ. ನಮ್ಮ ಬೀದಿಯ ಮೆಕ್ಯಾನಿಕ್ ನನಗೆ ಮೊದಲು ಹೇಳಿಕೊಟ್ಟದ್ದು ಇದನ್ನೇ: "ಕ್ಲಿಕ್ ಅಂದ್ಮೇಲೆ ಇನ್ನೊಂದ್ಸಲ ಎಳೀಬೇಡಿ ಸಾರ್, ಅದು ಲೆಕ್ಕಕ್ಕಿಂತ ಜಾಸ್ತಿ ಆಗ್ಬಿಡತ್ತೆ." ಎರಡನೇ ಕ್ಲಿಕ್ ಕೇಳಿದರೆ ಸಮಾಧಾನ ಅನ್ನಿಸುತ್ತದೆ ನಿಜ. ಆದರೆ ಅಲ್ಯೂಮಿನಿಯಂ ಎಂಜಿನ್ನಿನ ಡ್ರೈನ್ ಬೋಲ್ಟ್‌ಗೆ ಅಷ್ಟು ಸಾಕು, ತ್ರೆಡ್ ಹೋಗುತ್ತದೆ.

ವೀಲ್ ಬೋಲ್ಟಿಗೆ ಎಣ್ಣೆ ಹಚ್ಚಬೇಡಿ, ಮ್ಯಾನುಯಲ್ ಹೇಳಿದ್ದರೆ ಮಾತ್ರ ಹಚ್ಚಿ. ನಾವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ತ್ರೆಡ್ಡಿನ ಮತ್ತು ನಟ್ಟಿನ ತಳದ ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟನ್ನು ಎಳೆದು ಹಿಡಿಯುವುದು ಉಳಿದ ಹತ್ತು ಪಾಲು. ಎಣ್ಣೆ ಬಿದ್ದರೆ ಉಜ್ಜಾಟ ತಗ್ಗಿ ಅದೇ ಅಂಕಿಗೆ ಬೋಲ್ಟ್ ಜಾಸ್ತಿ ಹಿಗ್ಗುತ್ತದೆ. ಚಕ್ರ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿ. ಹಾಗೇ, ತುಕ್ಕು ಹಿಡಿದ ನಟ್ ಬಿಚ್ಚಲು ಟಾರ್ಕ್ ವ್ರೆಂಚ್ ಎತ್ತಲೇಬೇಡಿ.

ಇಡುವ ಕ್ರಮ

ಕೆಲಸ ಮುಗಿದ ಮೇಲೆ ಅಂಕಿಯನ್ನು ಸ್ಕೇಲಿನ ಅತಿ ಕಡಿಮೆ ಗೆರೆಗೆ ತಿರುಗಿಸಿ ಇಡಿ. 100ರಲ್ಲೇ ಬಿಟ್ಟರೆ ಸ್ಪ್ರಿಂಗ್ ತಿಂಗಳುಗಟ್ಟಲೆ ಒತ್ತಿಕೊಂಡೇ ಇರುತ್ತದೆ, ಅಳತೆ ಕೆಡುತ್ತದೆ. ಕಡಿಮೆ ಗೆರೆಗಿಂತ ಕೆಳಗೂ ಇಳಿಸಬೇಡಿ, ಒಳಗಿನ ಭಾಗ ಜಾಗ ತಪ್ಪಬಹುದು. ಒಣ ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ಅದ್ದಿದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಮಳೆಗಾಲಕ್ಕೆ ಡಬ್ಬದಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕಾರಿನ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ. ನಮ್ಮ ಊರಿನ ಗುಂಡಿಗಳಲ್ಲಿ ದಿನಾ ಕುಣಿದರೆ ಯಾವ ತಕ್ಕಡಿ ತಾನೇ ಉಳಿಯುತ್ತದೆ? ಕೈಜಾರಿ ನೆಲಕ್ಕೆ ಬಿದ್ದರೆ ಪರೀಕ್ಷೆ ಮಾಡಿಸುವ ತನಕ ನಂಬಬೇಡಿ.

ಅಳತೆ ಸರಿಯಿದೆಯಾ?

ಟಾರ್ಕ್ ವ್ರೆಂಚ್‌ಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 6789ರ ಪ್ರಕಾರ 10 ನ್ಯೂಟನ್ ಮೀಟರ್‌ಗಿಂತ ದೊಡ್ಡ ಕ್ಲಿಕ್ ವ್ರೆಂಚ್ ನೂರಕ್ಕೆ 4ರಷ್ಟು ಆಚೀಚೆ ಇರಬಹುದು. 12 ತಿಂಗಳಿಗೊಮ್ಮೆ, ಇಲ್ಲವೇ 5,000 ಸಲ ಬಳಸಿದ ಮೇಲೆ ಕ್ಯಾಲಿಬ್ರೇಶನ್ ಮಾಡಿಸಬೇಕು. ಪೀಣ್ಯದಂಥ ಕೈಗಾರಿಕಾ ಪ್ರದೇಶವಿರುವ ಊರು ನಮ್ಮದು, ಲ್ಯಾಬ್ ಹುಡುಕಲು ಕಷ್ಟವಿಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ಅದು ಟಾರ್ಕ್ ಅಳತೆಗೂ ಸೇರಿದೆಯಾ ಎಂದು ಕೇಳಿ.

ಮನೆಯಲ್ಲೇ ಅಂದಾಜು ನೋಡಲು ಒಂದು ಬಕೆಟ್ ನೀರು ಸಾಕು. ವ್ರೆಂಚಿನ ಚೌಕದ ತಲೆಯನ್ನು ವೈಸ್‌ನಲ್ಲಿ ಹಿಡಿಸಿ, ಹಿಡಿ ಅಡ್ಡಕ್ಕೆ ನೆಟ್ಟಗಿರಲಿ. ಚೌಕದ ನಡುವಿನಿಂದ ಹಿಡಿಯ ನಡುವಿಗೆ 40 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅಂಕಿ 40ಕ್ಕೆ ಇಟ್ಟು, ಹಿಡಿಯ ನಡುವೆ ಬಕೆಟ್ ತೂಗುಹಾಕಿ, ಚೊಂಬಿನಲ್ಲಿ ನಿಧಾನಕ್ಕೆ ನೀರು ಸುರಿಯಿರಿ. ಬಕೆಟ್ಟೂ ನೀರೂ ಸೇರಿ ಹತ್ತು ಕೆಜಿ ಆಸುಪಾಸಿಗೆ ಕ್ಲಿಕ್ ಅನ್ನಬೇಕು. ವ್ರೆಂಚಿನ ಸ್ವಂತ ಭಾರ ಸೇರುವುದರಿಂದ ಸ್ವಲ್ಪ ಮೊದಲೇ ಅಂದರೂ ಸರಿ. ಏಳಕ್ಕೋ ಹದಿಮೂರಕ್ಕೋ ಅಂದರೆ ಲ್ಯಾಬಿಗೆ ಒಯ್ಯಿರಿ. ಇದು ಅಂದಾಜು ಮಾತ್ರ, ಸರ್ಟಿಫಿಕೇಟ್‌ಗೆ ಬದಲಿ ಅಲ್ಲ.

ವಾರಂಟಿ ಕೇಳುವಾಗ

ನೀವೇ ಬಿಚ್ಚಿ ನೋಡಬೇಡಿ. ಸೀಲ್ ಒಡೆದರೆ ವಾರಂಟಿ ಹೋಯಿತು ಅಂತಲೇ ಲೆಕ್ಕ. ತೊಂದರೆ ಏನೆಂದು ಒಂದು ವಿಡಿಯೊ ಮಾಡಿ, ಬಿಲ್ಲಿನ ಫೋಟೊ ಜೊತೆ ಕಂಪನಿಗೆ ಇಮೇಲ್ ಕಳಿಸಿ. ಅಂಗಡಿಯಲ್ಲಿ ಬಾಯಿಮಾತಿಗೆ ನಿಲ್ಲಬೇಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ.

ನ್ಯಾಯವಾದ ದೂರಿಗೂ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ಶುಲ್ಕ ಇಲ್ಲ. ವ್ಯಾಪಾರಕ್ಕೆಂದು ಕೊಂಡ ವಸ್ತು ಈ ಕಾಯ್ದೆಗೆ ಬರುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಟೂಲಿಗೆ ಬರುತ್ತದೆ. ಸಣ್ಣ ಗ್ಯಾರೇಜ್ ಇಟ್ಟು ತಾವೇ ಕೆಲಸ ಮಾಡುವ ಮೆಕ್ಯಾನಿಕ್‌ಗಳಿಗೆ ಇದು ಗೊತ್ತಿರಲೇಬೇಕು.

ಕೊರಿಯರ್‌ನಲ್ಲಿ ಕಳಿಸುವುದಾದರೆ ವ್ರೆಂಚನ್ನು ಕಡಿಮೆ ಗೆರೆಗೆ ಇಳಿಸಿ, ಬಬಲ್ ಶೀಟ್ ಸುತ್ತಿ ಅದರದೇ ಡಬ್ಬದಲ್ಲಿ ಹಾಕಿ. ಮುಚ್ಚುವ ಮೊದಲು ಸೀರಿಯಲ್ ನಂಬರ್ ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ. ವಾಪಸ್ ಬಂದಾಗ ಡಬ್ಬದಲ್ಲಿರುವುದು ನಿಮ್ಮದೇ ವ್ರೆಂಚಾ, ಬದಲಿ ಕೊಟ್ಟದ್ದಾ ಎಂದು ಅದರಿಂದ ಗೊತ್ತಾಗುತ್ತದೆ.